ಕಾಲೋಲ್ಲೇಖವಿಲ್ಲದ ಶಾಸನಗಳೂ ನಮ್ಮ ಸೂಚಿಗಳೂ

1

ತುಮಕೂರು ಜಿಲ್ಲೆಯ ಪ್ರಾಚೀನ ಚರಿತ್ರೆಯನ್ನು ವ್ಯಾಸಂಗಮಾಡುವವರಿಗೆ ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ 12ನೆಯ ಸಂಪುಟವು ಮೊದಲ ಆಕರವೆಂಬುದು ಸರ್ವವಿದಿತ. 1886ರಲ್ಲಿ ಕೊಡಗಿನ ಶಾಸನಗಳಿಂದ ಮೊದಲುಗೊಂಡು 1905ರವರೆಗೆ ಪ್ರಕಟವಾದ 12 ಸಂಪುಟಗಳಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಶಾಸನಗಳನ್ನು ಅವರು ಬೆಳಕಿಗೆ ತಂದರು. ನಮ್ಮ ಜಿಲ್ಲೆಯ ಸಂಪುಟವು 1904ರಲ್ಲಿ ಹೊರಬಂದಿತು. ತುಮಕೂರು, ಗುಬ್ಬಿ, ಕುಣಿಗಲು ಮೊದಲಾದ ತಾಲ್ಲೂಕುಗಳ ಕ್ರಮದಲ್ಲಿ ಶಾಸನಗಳಿಗೆ ಸಂಖ್ಯೆಗಳನ್ನು ಕೊಟ್ಟು, ಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಒದಗಿಸಿ, ಅವುಗಳನ್ನು ಕಾಲಾನುಕ್ರಮದಲ್ಲಿ ವಿಂಗಡಿಸಿದ ಪಟ್ಟಿಯೊಂದನ್ನೂ ಸೇರಿಸಿರುವ ಈ ಗ್ರಂಥದ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಈ ಲೇಖನದಲ್ಲಿ ಮಾಡಿರುವ ವಿಮರ್ಶೆಯು ಆ ಉಪಕಾರವನ್ನು ಮರೆತು ಮಾಡಿದುದಲ್ಲ. ಗ್ರಂಥಕರ್ತರಿಗಿಂತ ಹೆಚ್ಚಾಗಿ ಅವರ ಬಳಿಕ ಆ ಗ್ರಂಥವನ್ನು ಬಳಸಿಕೊಂಡ ನಮ್ಮನ್ನೇ ಅದು ಉದ್ದೇಶಿಸಿದೆ.

ನಮ್ಮ ವಿಭಾಗದಲ್ಲಿ ಈ ಸಂಪುಟದ ಶಾಸನಗಳನ್ನು ವಿದ್ಯಾರ್ಥಿಗಳಿಂದ ಚೀಟಿಗಳಾಗಿ ಬರೆಯಿಸಿ, ಅನಂತರ ಅವನ್ನು ಗಣಕಯಂತ್ರದಲ್ಲಿ ತುಂಬಿಸುವ ಅಭ್ಯಾಸವೊಂದನ್ನು ಕೈಗೊಂಡೆವು. ಪ್ರತಿಯೊಂದು ಶಾಸನಕ್ಕೂ ಊರು, ತಾಲ್ಲೂಕು, ರಾಜವಂಶ, ಅರಸನ ಹೆಸರು, ಕಾಲ, ಭಾಷೆ, ವಿಷಯ ಎಂಬ ಅಂಕಣಗಳನ್ನು ಕಲ್ಪಿಸಿದೆವು. ಕೆಲಸ ಅರ್ಧ ಮುಗಿದಿದ್ದಾಗ ವಿದ್ಯಾರ್ಥಿನಿಯೊಬ್ಬಳು ಒಂದು ಸಾಮಾನ್ಯವಾದ ಪ್ರಶ್ನೆಯನ್ನು ಕೇಳಿದಳು: ಈ ಜಿಲ್ಲೆಯಲ್ಲಿ ಕಾಲವನ್ನೇ ಹೇಳದ ಶಾಸನಗಳು ಯಾವುವು? ಹೊಯ್ಸಳರ ಶಾಸನಗಳಾವುವು ಎಂದರೆ ಕ್ಷಣಮಾತ್ರದಲ್ಲಿ ಪಟ್ಟಿ ಬರುತ್ತಿತ್ತು. 12ನೆಯ ಶತಮಾನದವಾವುವು ಎಂದರೂ ಬರುತ್ತಿತ್ತು. ಈ ಪ್ರಶ್ನೆಗೆ ಮಾತ್ರ ಯಂತ್ರವು ಒಂದೂ ಇಲ್ಲವೆಂದು ಉತ್ತರಕೊಟ್ಟಿತು. ನಮ್ಮೆದುರಿಗೆ ಮೇಜಿನ ಮೇಲೆಯೇ ಅಂಥ ಚೀಟಿಗಳ ಕಟ್ಟು ಬಿದ್ದಿತ್ತು. ಇರುವುದನ್ನು ಇಲ್ಲವೆಂದು ಸೂಚಿಯು ಹೇಳಲು ಕಾರಣವೇನೆಂಬುದನ್ನು ವಿಚಾರಿಸಹೊರಟುದರ ಫಲವೇ ಈ ಲೇಖನ.

2

ಮೊದಲು ಸೂಚಿಯ ಸ್ವರೂಪವನ್ನು ಪರಿಶೀಲಿಸೋಣ. ಗ್ರಂಥದ ಕೊನೆಯಲ್ಲಿ ಅಕಾರಾದಿಯಾಗಿ ಕೊಡುವ ಸೂಚಿಯಲ್ಲಿ ಪ್ರತಿಯೊಂದು ಪದದ ಮುಂದೆಯೂ ಅದು ಬರುವ ಪುಟಗಳನ್ನು ಕಾಣಿಸಿರುತ್ತಾರೆ. ಗಣಕಯಂತ್ರದ ಶೋಧಸೂಚಿಯೂ ತತ್ತ್ವತಃ ಇದೇ. 1999ರಲ್ಲಿ ಡಗ್ ಕಟಿಂಗ್ ಎಂಬವರು ರಚಿಸಿದ ಲೂಸೀನ್ ಎಂಬ ಶೋಧಸಾಧನವೂ, ಅದರ ಮೇಲೆ ಕಟ್ಟಿದ ಸೋಲ್ರ್, ಎಲಾಸ್ಟಿಕ್‌ಸರ್ಚ್ ಎಂಬುವೂ ದಾಖಲೆಯಿಂದ ಪದಕ್ಕೆ ಹೋಗದೆ ಪದದಿಂದ ದಾಖಲೆಗೆ ಹೋಗುವ ಈ ತಿರುಗುಮುರುಗಾದ ಸೂಚಿಯನ್ನೇ ಆಶ್ರಯಿಸಿವೆ. 'ಹೊಯ್ಸಳ' ಎಂಬ ಪದದ ಕೆಳಗೆ ಆ ಪದವುಳ್ಳ ದಾಖಲೆಗಳ ಸಂಖ್ಯೆಗಳಿರುತ್ತವೆ. '1150' ಎಂಬುದರ ಕೆಳಗೆ ಆ ವರ್ಷವುಳ್ಳವು ಇರುತ್ತವೆ. ಆದರೆ ಏನೂ ಬರೆಯದೆ ಬಿಟ್ಟ ಅಂಕಣಕ್ಕೆ ಪದವೇ ಇಲ್ಲ. ಪದವಿಲ್ಲದೆಡೆಯಲ್ಲಿ ಸೂಚಿಯ ಸಾಲೂ ಇಲ್ಲ. ಪುಸ್ತಕದ ಸೂಚಿಯಲ್ಲಿ 'ಗಂಗರು' ಎಂಬ ಪದವನ್ನು ಹುಡುಕಬಹುದು. ಗಂಗರನ್ನು ಹೆಸರಿಸದ ಪುಟಗಳು ಎಂಬ ಸಾಲನ್ನು ಯಾವ ಸೂಚಿಕಾರನೂ ಬರೆಯಲಾರ.

ಆದ್ದರಿಂದ ಇಲ್ಲದ್ದನ್ನು ಹುಡುಕುವುದಕ್ಕೆ ಒಂದೇ ಮಾರ್ಗ. ಮೊದಲು ಎಲ್ಲ ದಾಖಲೆಗಳನ್ನೂ ತಂದಿರಿಸಿ, ಅವುಗಳಲ್ಲಿ ಆ ಅಂಕಣ ತುಂಬಿರುವುದನ್ನೆಲ್ಲ ಕಳೆಯಬೇಕು, ಉಳಿದುದೇ ಉತ್ತರ. ಲೂಸೀನಿನ ಮೂಲನಿಯಮದಂತೆ ಕೇವಲ ನಿಷೇಧದಿಂದ ಕೂಡಿದ ಪ್ರಶ್ನೆಗೆ ಫಲ ಶೂನ್ಯ. ಯಾವುದರಿಂದ ಕಳೆಯಬೇಕೆಂಬುದನ್ನು ಹೇಳದೆ ಕಳೆಯೆಂದರೆ ಯಾವ ಲೆಕ್ಕಿಗನೂ ಕಳೆಯಲಾರನಷ್ಟೆ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಯಲ್ಲಿದ್ದ ಮೊದಲನೆಯ ದೋಷ ಇದು. ಇದನ್ನು ತಿದ್ದುವುದು ಸುಲಭ, ತಿದ್ದಿದೆವು.

ಆದರೆ ಇಲ್ಲಿಗೆ ತೊಡಕು ಮುಗಿಯಲಿಲ್ಲ. ಒಂದು ಹೋಬಳಿಯಲ್ಲಿ 100 ಶಾಸನಗಳಿವೆಯೆಂದೂ, ಅವುಗಳಲ್ಲಿ 40 ವಿಜಯನಗರದ ಸ್ಥಾಪನೆಯ ವರ್ಷವೆಂದು ರೂಢಿಯಲ್ಲಿರುವ 1336ಕ್ಕಿಂತ ಹಿಂದಿನವು, 25 ಆ ವರ್ಷದವು ಅಥವಾ ಈಚಿನವು, 35 ಕಾಲವನ್ನು ಹೇಳದಂಥವು ಎಂದೂ ಇಟ್ಟುಕೊಳ್ಳೋಣ. 1336ಕ್ಕೆ ಹಿಂದಿನವುಗಳನ್ನು ಕೇಳಿದರೆ 40 ಬರುತ್ತವೆ, ಇದರಲ್ಲಿ ವಿವಾದವಿಲ್ಲ. ಹಿಂದಿನವಲ್ಲದವು ಎಷ್ಟು? ಇ. ಎಫ್. ಕಾಡ್ ಅವರು 1970ರಲ್ಲಿ ಪ್ರತಿಪಾದಿಸಿದ ಸಂಬಂಧಾತ್ಮಕ ಪದ್ಧತಿಯನ್ನು ಅನುಸರಿಸುವ ಕೋಷ್ಟಕಗಳಲ್ಲಿ, ಖಾಲಿಯಿರುವ ಬೆಲೆಯನ್ನು ಯಾವುದರೊಡನೆ ಹೋಲಿಸಿದರೂ ಫಲವು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಅಜ್ಞಾತ. ಆದ್ದರಿಂದ ಅಲ್ಲಿ ಬರುವ ಉತ್ತರ 25. ಕಾಲವಿಲ್ಲದ 35 ಶಾಸನಗಳು ಎರಡು ಪಟ್ಟಿಗಳಲ್ಲಿಯೂ ಕಾಣದೆ ಹೋಗುತ್ತವೆ. ಲೂಸೀನಿನ ವರ್ಗದ ಶೋಧಸೂಚಿಯಲ್ಲಾದರೋ ಎಲ್ಲದರಿಂದ ಕಳೆಯುವ ಕ್ರಮವಿರುವುದರಿಂದ ಅದೇ ಪ್ರಶ್ನೆಗೆ ಉತ್ತರ 60. ಕಾಲವಿಲ್ಲದವೆಲ್ಲವೂ ವಿಜಯನಗರ ಕಾಲದ ಮತ್ತು ಈಚಿನ ಶಾಸನಗಳ ಗುಂಪಿನಲ್ಲಿ ಸೇರಿಕೊಳ್ಳುತ್ತವೆ. ಒಂದು ಸಾಧನವು ಅವುಗಳನ್ನು ಮರೆಸುತ್ತದೆ, ಇನ್ನೊಂದು ಅವುಗಳಿಗೆ ಸುಳ್ಳು ಕಾಲವನ್ನು ಕೊಡುತ್ತದೆ. ಎರಡೂ ತಂತಮ್ಮ ನಿಯಮಕ್ಕೆ ಸರಿಯಾಗಿಯೇ ನಡೆದುಕೊಂಡಿವೆ. ತಪ್ಪು, ನಿಯಮವನ್ನು ಅರಿಯದೆ ಪ್ರಶ್ನೆ ಕೇಳಿದ ಚರಿತ್ರಕಾರನದು.

3

ಖಾಲಿ ಅಂಕಣವೆಂದರೆ ಒಂದೇ ಅರ್ಥವೆಂದು ಭಾವಿಸಿದುದು ನಮ್ಮ ಎರಡನೆಯ ದೋಷ. ನಮ್ಮ ಪ್ರಾಚೀನ ದಾರ್ಶನಿಕರು ಈ ವಿಷಯದಲ್ಲಿ ನಮಗಿಂತ ಎಚ್ಚರಿಕೆಯುಳ್ಳವರಾಗಿದ್ದರು. ವೈಶೇಷಿಕರು ಅಭಾವವನ್ನು ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ ಎಂದು ನಾಲ್ಕಾಗಿ ವಿಂಗಡಿಸಿದರು. ಮಡಕೆಯನ್ನು ಇನ್ನೂ ಮಾಡದೆ ಇರುವಾಗಿನ ಅಭಾವವೇ ಬೇರೆ, ಒಡೆದುಹೋದ ಮೇಲಿನ ಅಭಾವವೇ ಬೇರೆ. ಕೊನೆಯ ಭೇದವನ್ನು ಬಿಟ್ಟು ಉಳಿದ ಮೂರನ್ನೂ ನಮ್ಮ ಚೀಟಿಗಳಿಗೆ ಅನ್ವಯಿಸಿ ನೋಡಬಹುದು. ಕಲ್ಲು ಪೂರ್ಣವಾಗಿದೆ, ಅಕ್ಷರಗಳು ಸ್ಪಷ್ಟವಾಗಿವೆ, ಆದರೆ ಬರೆಯಿಸಿದವನು ಕಾಲವನ್ನು ಬರೆಯಿಸಲಿಲ್ಲ: ಇದು ಅತ್ಯಂತಾಭಾವ. ಕಲ್ಲಿನ ಮೇಲ್ಭಾಗ ಮುರಿದುಹೋಗಿದೆ, ಅಥವಾ ಸಾಲು ಸವೆದುಹೋಗಿದೆ: ಇದು ಪ್ರಧ್ವಂಸಾಭಾವ. ಶಾಸನದಲ್ಲಿ ಕಾಲವಿದ್ದರೂ ಚೀಟಿ ಬರೆದವನು ಇನ್ನೂ ಅದನ್ನು ತುಂಬಿಲ್ಲ: ಇದು ಪ್ರಾಗಭಾವ. ಈ ಮೂರು ಸಂದರ್ಭಗಳಲ್ಲಿಯೂ ಅಂಕಣ ಒಂದೇ ರೀತಿ ಖಾಲಿಯಾಗಿ ಕಾಣುತ್ತದೆ. ಆದರೆ ಮೊದಲನೆಯದು ಶಾಸನದ ಲಕ್ಷಣ, ಎರಡನೆಯದು ಕಲ್ಲಿನ ಗತಿ, ಮೂರನೆಯದು ನಮ್ಮ ಸೋಮಾರಿತನ. ಕಾಡ್ ಅವರೂ ತಮ್ಮ ಪದ್ಧತಿಯನ್ನು ಮುಂದೆ ವಿಸ್ತರಿಸುವಾಗ, ಅನ್ವಯಿಸುತ್ತದೆ ಆದರೆ ದೊರೆತಿಲ್ಲ ಎಂಬುದನ್ನೂ, ಅನ್ವಯಿಸುವುದೇ ಇಲ್ಲ ಎಂಬುದನ್ನೂ ಬೇರೆ ಬೇರೆ ಗುರುತುಗಳಿಂದ ಸೂಚಿಸಬೇಕೆಂದು ವಾದಿಸಿದರು. ಬಳಕೆಯಲ್ಲಿ ಮಾತ್ರ ಒಂದೇ ಖಾಲಿತನ ಉಳಿದುಕೊಂಡಿತು.

ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಒಂದು ಪ್ರಮಾಣವಾಗಿ ಅಂಗೀಕರಿಸಿದರು. ಅದಕ್ಕೆ ಒಂದು ಷರತ್ತೂ ಉಂಟು: ವಸ್ತುವು ಇದ್ದಿದ್ದರೆ ಖಂಡಿತವಾಗಿ ಕಾಣಬೇಕಾಗಿದ್ದ ಸನ್ನಿವೇಶದಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆಂದು ತಿಳಿಯಬೇಕು. ಕತ್ತಲಲ್ಲಿ ಮಡಕೆ ಕಾಣಲಿಲ್ಲವೆಂದರೆ ಮಡಕೆಯಿಲ್ಲವೆಂದಾಗದು. ಮಸಕಾದ ಅಚ್ಚುಪ್ರತಿಯಲ್ಲಿ ತಿಥಿ ಕಾಣದಿದ್ದರೆ ಶಾಸನಕ್ಕೆ ತಿಥಿಯಿಲ್ಲವೆಂದು ಬರೆಯುವವನು ಈ ಷರತ್ತನ್ನು ಮೀರಿದವನಾಗುತ್ತಾನೆ.

ಗಣಕಸೂಚಿಯಲ್ಲಿ ಇದಕ್ಕೆ ಸರಿಹೋಗುವ ಸಂಗತಿಗಳು ಇನ್ನೂ ಇವೆ. ಕಾಲದ ಅಂಕಣದಲ್ಲಿ ವಿದ್ಯಾರ್ಥಿಯು ಒಂದು ಅಡ್ಡಗೆರೆಯನ್ನೆಳೆದರೆ, ಅದು ಮನುಷ್ಯನ ಕಣ್ಣಿಗೆ ಇಲ್ಲವೆಂಬುದರ ಸಂಜ್ಞೆ. ಅಕ್ಷರಗಳ ಅಂಕಣವಾದರೆ ಯಂತ್ರಕ್ಕೆ ಅದೂ ಒಂದು ಬೆಲೆಯೇ. ಅಂಥ ಚೀಟಿಗಳು ಕಾಲವುಳ್ಳವುಗಳ ಸಾಲಿನಲ್ಲಿ ಬರುತ್ತವೆ. ನಮ್ಮ ಮೇಜಿನ ಮೇಲಿದ್ದ ಕಟ್ಟು ಯಂತ್ರಕ್ಕೆ ಕಾಣದಿದ್ದುದಕ್ಕೆ ಇದು ಇನ್ನೊಂದು ಕಾರಣ. ಇದಕ್ಕೆ ವಿಪರ್ಯಯವೂ ಉಂಟು. ಕಾಲದ ಅಂಕಣವು ಅಂಕಿಗಳನ್ನು ಮಾತ್ರ ಸ್ವೀಕರಿಸುವಂತೆ ಏರ್ಪಡಿಸಿದ್ದರೆ, 'ಸು. 1100?' ಎಂದು ಬರೆದ ಚೀಟಿಯನ್ನು ಸೂಚಿ ತಿರಸ್ಕರಿಸುತ್ತದೆ. ಕೆಟ್ಟ ಬೆಲೆಗಳನ್ನು ಗಮನಿಸದೆ ಮುಂದುವರಿಯೆಂದು ಆಜ್ಞಾಪಿಸಿದ್ದರೆ ದಾಖಲೆಯನ್ನು ಸೇರಿಸಿಕೊಂಡು ಆ ಅಂಕಣವನ್ನು ಮಾತ್ರ ಕೈಬಿಡುತ್ತದೆ. ಆಗ ಚೀಟಿಯಲ್ಲಿ ಬರಹವಿದ್ದರೂ ಸೂಚಿಯ ಪಾಲಿಗೆ ಅದು ಖಾಲಿ. ಹೀಗೆ ಇಲ್ಲದ್ದು ಇದ್ದಂತೆಯೂ ಇದ್ದದ್ದು ಇಲ್ಲದಂತೆಯೂ ತೋರುವುದಕ್ಕೆ ಒಂದೇ ಪಟ್ಟಿಯಲ್ಲಿ ಅವಕಾಶವಿದೆ.

4

ಇಲ್ಲಿ ರೈಸ್ ಅವರ ಪ್ರಶ್ನಚಿಹ್ನೆಯ ವಿಚಾರಕ್ಕೆ ಬರಬೇಕಾಗಿದೆ. ತಮ್ಮ ಅನುವಾದಗಳ ತಲೆಬರಹದಲ್ಲಿ ಅವರು ಶಾಸನದ ಕಾಲವನ್ನು ಕೊಡುವುದು ವಾಡಿಕೆ. ಶಾಸನವೇ ಕಾಲವನ್ನು ಹೇಳುವೆಡೆಯಲ್ಲಿ ವರ್ಷವನ್ನು ನೇರವಾಗಿ ಕೊಡುತ್ತಾರೆ. ಹೇಳದೆಡೆಯಲ್ಲಿ ಲಿಪಿಯ ಸ್ವರೂಪವನ್ನೂ ಅರಸನ ಹೆಸರನ್ನೂ ನೋಡಿ ಊಹಿಸಿದ ವರ್ಷದ ಹಿಂದೆ ಒಂದು ಪ್ರಶ್ನಚಿಹ್ನೆಯನ್ನಿರಿಸುತ್ತಾರೆ. ಈ ಒಂದು ಚಿಹ್ನೆಯಲ್ಲಿ ವಿದ್ವಾಂಸನ ಪ್ರಾಮಾಣಿಕತೆಯೆಲ್ಲ ಅಡಗಿದೆ. ಆದರೆ ಅವರ ಬಳಿಕ ಆ ವರ್ಷಗಳನ್ನು ಎತ್ತಿಕೊಂಡ ಪ್ರಬಂಧಗಳಲ್ಲಿ ಈ ಚಿಹ್ನೆ ಉಳಿದುದು ಅಪೂರ್ವ. ಪ್ರಶ್ನಚಿಹ್ನೆ ಮೊದಲು 'ಸುಮಾರು' ಆಗುತ್ತದೆ; ಸುಮಾರು ಎಂಬುದು 'ಸು.' ಆಗುತ್ತದೆ, ಕೋಷ್ಟಕಕ್ಕೆ ಬರುವಷ್ಟರಲ್ಲಿ ಅದೂ ಬಿದ್ದುಹೋಗಿ ಶುದ್ಧವಾದ ಅಂಕಿಯೊಂದು ನಿಲ್ಲುತ್ತದೆ. ಈ ದೋಷದಲ್ಲಿ ಪ್ರಕೃತ ಲೇಖಕನೂ ಭಾಗಿಯೇ. ಎಂ. ಎ. ಪದವಿಗಾಗಿ ಬರೆದ ಪ್ರಬಂಧದಲ್ಲಿ ಶತಮಾನವಾರು ಶಾಸನಗಳನ್ನೆಣಿಸಿ ನಕ್ಷೆಯೊಂದನ್ನು ಸಿದ್ಧಪಡಿಸಿದ್ದಾಗ ನಾನು ಎಣಿಸಿದ್ದು ಶಾಸನಗಳ ಕಾಲವನ್ನಲ್ಲ, ಬಹಳ ಮಟ್ಟಿಗೆ ರೈಸ್ ಅವರ ಊಹೆಗಳನ್ನು ಎಂಬುದು ಈಗ ಹೊಳೆಯುತ್ತಿದೆ. ಊಹೆಗಳು ಸಾಮಾನ್ಯವಾಗಿ ದುಂಡು ಸಂಖ್ಯೆಗಳಲ್ಲಿರುತ್ತವೆ. ಆದ್ದರಿಂದ ನಕ್ಷೆಯಲ್ಲಿ ಕೆಲವು ವರ್ಷಗಳ ಮೇಲೆ ಗುಡ್ಡಗಳೂ ನಡುವೆ ಕಣಿವೆಗಳೂ ತೋರುತ್ತವೆ. ಅವನ್ನು ರಾಜ್ಯಗಳ ಏಳುಬೀಳುಗಳೆಂದು ವ್ಯಾಖ್ಯಾನಮಾಡುವುದು ಎಷ್ಟು ಸುಲಭವೋ ಅಷ್ಟೇ ಅಪಾಯಕರ.

ಇದು ನಮ್ಮ ಜಿಲ್ಲೆಗೆ ಸೀಮಿತವಾದ ದೋಷವಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕನ್ನಡದ ಅತಿ ಪ್ರಾಚೀನ ಶಾಸನವೆಂದು ಅದು ಬಹುಕಾಲದಿಂದ ಪ್ರಸಿದ್ಧವಾಗಿದೆ. ಕ್ರಿ. ಶ. 450 ಎಂಬ ವರ್ಷವನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಕಲ್ಲಿನಲ್ಲಿ ಶಕವರ್ಷವಾಗಲಿ ಸಂವತ್ಸರವಾಗಲಿ ಇಲ್ಲ. ಲಿಪಿ, ಭಾಷೆ, ಶಾಸನದಲ್ಲಿ ಬರುವ ಹೆಸರುಗಳು ಇವುಗಳಿಂದ ಸಾಧಿಸಿದ ಕಾಲ ಅದು. ಅದನ್ನು ಇನ್ನೂ ಈಚೆಗೆ ತರಬೇಕೆಂದು ವಾದಿಸಿದ ವಿದ್ವಾಂಸರೂ ಉಂಟು. ಇದಕ್ಕೆ ವ್ಯತಿರಿಕ್ತವಾಗಿ ಬಾದಾಮಿಯ ಬೆಟ್ಟದ ಮೇಲಿರುವ ಒಂದನೆಯ ಪುಲಕೇಶಿಯ ಶಾಸನವು ಶಕವರ್ಷ 465, ಎಂದರೆ ಕ್ರಿ. ಶ. 543, ಎಂದು ತಾನೇ ಹೇಳುತ್ತದೆ. ಒಂದು ಕೋಷ್ಟಕದಲ್ಲಿ 450 ಮತ್ತು 543 ಎಂಬ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದಾಗ ಅವುಗಳ ಜಾತಿಯೇ ಬೇರೆಯೆಂಬುದು ಕಾಣುವುದಿಲ್ಲ. ಕಾಲವನ್ನು ಹೇಳದ ಶಾಸನಗಳು ಯಾವುವೆಂದು ಆ ಕೋಷ್ಟಕವನ್ನು ಕೇಳಿದರೆ ಅತಿ ಪ್ರಸಿದ್ಧವಾದ ಹಲ್ಮಿಡಿಯ ಹೆಸರೇ ಬರುವುದಿಲ್ಲ. ವಿದ್ವಾಂಸರ ಪರಿಶ್ರಮವೇ ಅದನ್ನು ಆ ಪಟ್ಟಿಯಿಂದ ಮರೆಮಾಡಿದೆ.

ಕಾಲದ ಬದಲು ಹೆಸರಿನ ಅಂಕಣವನ್ನು ತೆಗೆದುಕೊಂಡರೂ ಇದೇ ಸ್ಥಿತಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳ ಮೇಲಿನ ಬರಹಗಳನ್ನು ರೈಸ್ ಅವರು 1892ರಲ್ಲಿ ಕಂಡುಹಿಡಿದರು. ಅವುಗಳಲ್ಲಿ ಅರಸನ ಬಿರುದು ಮಾತ್ರ ಇದೆ, ಅಶೋಕ ಎಂಬ ಹೆಸರಿಲ್ಲ. 1915ರಲ್ಲಿ ಮಸ್ಕಿಯ ಶಾಸನ ದೊರೆತು ಅದರಲ್ಲಿ ಆ ಹೆಸರು ಕಂಡಮೇಲೆ, ಸಿಂಹಳದ ಗ್ರಂಥಗಳ ಆಧಾರದಿಂದ ಮೊದಲೇ ಸಾಧಿಸಿದ್ದ ಅಭಿಪ್ರಾಯವು ಕಲ್ಲಿನಿಂದಲೇ ಸ್ಥಿರಪಟ್ಟಿತು. ಈಗ ಸೂಚಿಗಳಲ್ಲಿ ಬ್ರಹ್ಮಗಿರಿಯನ್ನು ಅಶೋಕನ ಕೆಳಗೆ ಸೇರಿಸುತ್ತೇವೆ, ಸೇರಿಸುವುದು ನ್ಯಾಯವೇ. ಆದರೆ ಅಶೋಕನನ್ನು ಹೆಸರಿಸಿರುವ ಶಾಸನಗಳು, ಹೆಸರಿಸದಿರುವ ಶಾಸನಗಳು ಎಂಬ ವಿಂಗಡಣೆಯಿಲ್ಲದಿದ್ದರೆ ಮಸ್ಕಿಯ ಮಹತ್ತ್ವವು ಯಾವ ವಿದ್ಯಾರ್ಥಿಗೂ ಅರ್ಥವಾಗದು.

5

ಕಾಲೋಲ್ಲೇಖ ಇದೆ ಅಥವಾ ಇಲ್ಲ ಎಂದು ಎರಡಾಗಿ ಸೀಳುವುದೂ ಸಾಲದು. ನಮ್ಮ ಶಾಸನಗಳಲ್ಲಿ ಕಾಲವನ್ನು ಹೇಳುವ ರೀತಿ ಹಲವು. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಹೇಳುವುವು ಒಂದು ಬಗೆ. ಇವುಗಳನ್ನು 1896ರಲ್ಲಿ ಸ್ಯೂಯೆಲ್ ಮತ್ತು ದೀಕ್ಷಿತರು ಪ್ರಕಟಿಸಿದ ಪಂಚಾಂಗ ಗ್ರಂಥದಿಂದಲೂ, 1922ರಲ್ಲಿ ಹೊರಬಂದ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳಿಂದಲೂ ಪರೀಕ್ಷಿಸಬಹುದು. ಸಂವತ್ಸರದ ಹೆಸರನ್ನು ಮಾತ್ರ ಹೇಳುವುವು ಇನ್ನೊಂದು ಬಗೆ. ಸಂವತ್ಸರಗಳು 60 ವರ್ಷಗಳಿಗೊಮ್ಮೆ ಮರಳುವುದರಿಂದ, ಧಾತು ಸಂವತ್ಸರವೆಂದಷ್ಟೇ ಇದ್ದರೆ ಅದು 1276 ಆಗಬಹುದು, 1336 ಆಗಬಹುದು, 1396 ಆಗಬಹುದು. ಇಲ್ಲಿ ಬೆಲೆ ಇದೆ, ಆದರೆ ಒಂದೇ ಅಲ್ಲ. ಅರಸನ ಆಳ್ವಿಕೆಯ ಇಂತಿಷ್ಟನೆಯ ವರ್ಷವೆಂದು ಹೇಳುವುವು ಮೂರನೆಯ ಬಗೆ. ಪಟ್ಟಾಭಿಷೇಕದ ವರ್ಷ ತಿಳಿಯದೆ ಅವು ಪ್ರಯೋಜನಕ್ಕೆ ಬಾರವು. ನಾಲ್ಕನೆಯ ಬಗೆಗೆ ಮಡಿಕೇರಿಯ ಗಂಗ ತಾಮ್ರಶಾಸನವೇ ಪ್ರಸಿದ್ಧ ನಿದರ್ಶನ. ಅದರಲ್ಲಿ 388 ಎಂಬ ವರ್ಷಸಂಖ್ಯೆ, ಮಾಸ, ವಾರ, ನಕ್ಷತ್ರ ಎಲ್ಲವೂ ಇವೆ. ಆ ವರ್ಷ ಯಾವ ಶಕದ್ದೆಂಬುದು ಮಾತ್ರ ಇಲ್ಲ. ಶಾಲಿವಾಹನ ಶಕವೆಂದು ತೆಗೆದುಕೊಂಡರೆ ಕ್ರಿ. ಶ. 466 ಆಗುತ್ತದೆ.

ಬೆಲೆ ಇದ್ದಮಾತ್ರಕ್ಕೆ ನಂಬತಕ್ಕದ್ದೆಂದೂ ಹೇಳುವಂತಿಲ್ಲ. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೃತಕವೆಂದು ಫ್ಲೀಟ್ ಅವರೂ, ಅವನ್ನು ಹಾಗೆ ತಳ್ಳಿಹಾಕಲಾಗದೆಂದು ರೈಸ್ ಅವರೂ ದೀರ್ಘಕಾಲ ವಾದಿಸಿದರು. ಶಕವರ್ಷ 169 ಎಂದು ಸ್ಪಷ್ಟವಾಗಿ ಹೇಳುವ ತಂಜಾವೂರಿನ ತಾಮ್ರಪಟವನ್ನು ಫ್ಲೀಟ್ ಅವರು ಕೃತಕಗಳ ಸಾಲಿಗೆ ಸೇರಿಸಿದರು. ಕಾಲವನ್ನು ಹೇಳುವ ಕೃತಕ ಪಟವೊಂದು ನಮ್ಮ ಸೂಚಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತಿರುವುದೂ, ಕಾಲವನ್ನು ಹೇಳದ ಪ್ರಾಮಾಣಿಕವಾದ ವೀರಗಲ್ಲೊಂದು ಅದೇ ಸೂಚಿಯಲ್ಲಿ ಕಾಣಿಸದಿರುವುದೂ ಸಾಧ್ಯ. ಸೂಚಿಯಲ್ಲಿ ಸ್ಥಾನ ದೊರೆಯುವುದು ಸತ್ಯಕ್ಕಲ್ಲ, ತುಂಬಿದ ಅಂಕಣಕ್ಕೆ.

6

ಇಷ್ಟೆಲ್ಲ ಶ್ರಮದಿಂದ ಬರುವ ಲಾಭವೇನೆಂದು ಕೆಲವರು ಕೇಳಬಹುದು. ಕಾಲ ತಿಳಿಯದ ಶಾಸನದಿಂದ ಚರಿತ್ರೆಗೆ ಪ್ರಯೋಜನವಿಲ್ಲ, ಅದನ್ನು ಬಿಟ್ಟರೆ ನಷ್ಟವೂ ಇಲ್ಲ ಎಂಬುದು ಅವರ ಪಕ್ಷ. ಈ ಪಕ್ಷವನ್ನು ಪರಾಂಬರಿಸುವುದು ಅವಶ್ಯಕ.

ತುಮಕೂರಿಗೆ ಸಮೀಪದಲ್ಲಿ, ಗೂಳೂರಿನ ಬಳಿ ಇರುವ ಕೈದಾಳದ ಶಾಸನವನ್ನು ನೋಡಿ. ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ, 1150-51ರಲ್ಲಿ, ಸಾಮಂತ ಬಾಚಿಯು ಅಲ್ಲಿ ದೇವಾಲಯಗಳನ್ನೂ ಜಿನಾಲಯವನ್ನೂ ಕಟ್ಟಿಸಿದ ಸಂಗತಿ ಅದರಿಂದ ತಿಳಿಯುತ್ತದೆ. ಅರಸನಿದ್ದಾನೆ, ಸಾಮಂತನಿದ್ದಾನೆ, ವರ್ಷವಿದೆ. ಎಲ್ಲ ಅಂಕಣಗಳೂ ತುಂಬಿವೆ. ದಾನವನ್ನು ಕೊಡಬಲ್ಲವನು ತಿಥಿವಾರನಕ್ಷತ್ರಗಳನ್ನು ಗಣಿಸಿ ಹೇಳುವ ಜೋಯಿಸನನ್ನೂ, ಶ್ಲೋಕಗಳನ್ನು ರಚಿಸುವ ಕವಿಯನ್ನೂ ಇಟ್ಟುಕೊಳ್ಳಬಲ್ಲ. ದಾನವು ಆಚಂದ್ರಾರ್ಕವಾಗಿ ನಡೆಯಬೇಕಾದ್ದರಿಂದ ಅದು ಪ್ರಾರಂಭವಾದ ದಿನವನ್ನು ಬರೆಯಿಸುವುದು ಅವನಿಗೆ ಆವಶ್ಯಕವೂ ಹೌದು. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಮನೆಯವರಿಗಾದರೋ ಅವನ ಹೆಸರೂ ಅವನು ಸತ್ತ ಬಗೆಯೂ ಮುಖ್ಯ. ವರ್ಷವು ಊರಿನವರಿಗೆಲ್ಲ ಗೊತ್ತೇ ಇತ್ತು. ಆದ್ದರಿಂದ ವೀರಗಲ್ಲುಗಳಲ್ಲಿ, ಮಾಸ್ತಿಕಲ್ಲುಗಳಲ್ಲಿ, ಗಡಿಕಲ್ಲುಗಳಲ್ಲಿ ಎಷ್ಟೋ ಕಾಲವನ್ನು ಹೇಳುವುದಿಲ್ಲ. ಕೆಲವಕ್ಕೆ ಅಕ್ಷರಗಳೇ ಇಲ್ಲ. ಕಾಲವುಳ್ಳ ಶಾಸನಗಳನ್ನು ಮಾತ್ರ ಎಣಿಸುವ ಚರಿತ್ರೆಯು ತಿಳಿಯದೆಯೇ ದಾನಿಗಳ ಚರಿತ್ರೆಯಾಗುತ್ತದೆ. ದನಕಾಯುವವರ, ಒಕ್ಕಲುಮಕ್ಕಳ, ಅವರ ಹೆಂಡಿರ ಸಂಗತಿಗಳು ಅದರಿಂದ ಹೊರಗುಳಿಯುತ್ತವೆ. ಅಂಕಣದ ಖಾಲಿತನವು ಆಕಸ್ಮಿಕವಲ್ಲ. ಅದಕ್ಕೆ ಸಮಾಜದಲ್ಲಿ ಕಾರಣವಿದೆ. ಆ ಕಾರಣವೇ ಚರಿತ್ರಕಾರನ ಸಂಶೋಧನೆಗೆ ತಕ್ಕ ವಿಷಯ.

ಖಾಲಿ ಬಿಟ್ಟ ಅಂಕಣವನ್ನು ನಾವು ಗಮನಿಸದಿದ್ದರೆ ಮತ್ತಾರೋ ತುಂಬುತ್ತಾರೆಂಬುದಕ್ಕೂ ಕೈದಾಳವೇ ಸಾಕ್ಷಿ. ಅಲ್ಲಿಯ ಚೆನ್ನಕೇಶವ ಮೂರ್ತಿಯನ್ನು ಕಡೆದವನು ಜಕಣಾಚಾರಿಯೆಂದೂ, ಕಳೆದುಹೋಗಿದ್ದ ಅವನ ಕೈ ಅಲ್ಲಿ ಮರಳಿ ಬಂದುದರಿಂದ ಊರಿಗೆ ಕೈದಾಳವೆಂಬ ಹೆಸರಾಯಿತೆಂದೂ ಜನ ಹೇಳುತ್ತಾರೆ. ಹೊಯ್ಸಳ ದೇವಾಲಯಗಳ ಶಿಲ್ಪಗಳ ಮೇಲೆ ದಾಸೋಜ, ಚಾವಣ, ಮಲ್ಲಿತಮ್ಮ ಮೊದಲಾದ ರೂವಾರಿಗಳ ಹೆಸರುಗಳು ಕೆತ್ತಲ್ಪಟ್ಟಿವೆ. ಜಕಣಾಚಾರಿಯ ಹೆಸರು ಅವುಗಳ ನಡುವೆ ದೊರೆತಿಲ್ಲ. ಶಿಲ್ಪಿಯ ಹೆಸರಿಲ್ಲದ ಸ್ಥಾನವನ್ನು ಐತಿಹ್ಯವು ಆಕ್ರಮಿಸಿಕೊಂಡಿದೆ. ಐತಿಹ್ಯವು ಸುಂದರವಾದುದು, ಅದನ್ನು ಯಾರೂ ಅಳಿಸಬೇಕಾಗಿಲ್ಲ. ಆದರೆ ಶಿಲ್ಪಿಯ ಅಂಕಣದಲ್ಲಿ ಅದನ್ನು ಬರೆದುಬಿಟ್ಟರೆ, ಹೆಸರಿಲ್ಲದ ಶಿಲ್ಪಗಳಾವುವೆಂಬ ಪ್ರಶ್ನೆಗೆ ಇನ್ನೆಂದಿಗೂ ಸರಿಯಾದ ಉತ್ತರ ದೊರೆಯದು.

7

ಹೀಗಿರಲು ಮಾಡತಕ್ಕದ್ದೇನು? ವಿಭಾಗದ ಚೀಟಿಗಳಿಗಾಗಿ ನಾವು ಈಗ ಅಂಗೀಕರಿಸಿರುವ ಕ್ರಮವನ್ನು ವಾಚಕರ ಪರಿಶೀಲನೆಗಾಗಿ ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯದಾಗಿ, ಕಾಲದ ಒಂದು ಅಂಕಣವನ್ನು ಎರಡಾಗಿ ಒಡೆದಿದ್ದೇವೆ. ಶಾಸನವು ತಾನೇ ಹೇಳುವ ಕಾಲವು ಅದರ ಮಾತಿನಲ್ಲಿಯೇ, ಪರಿವರ್ತಿಸದೆ, ಒಂದರಲ್ಲಿ; ವಿದ್ವಾಂಸರು ನಿರ್ಣಯಿಸಿದ ಕಾಲವು ಇನ್ನೊಂದರಲ್ಲಿ. ಎರಡನೆಯದನ್ನು ತುಂಬುವವನು ಯಾರ ನಿರ್ಣಯ, ಯಾವ ಆಧಾರ ಎಂಬುದನ್ನೂ ಸೇರಿಸಿ ಬರೆಯಬೇಕು. ಒಂದೇ ವರ್ಷಕ್ಕೆ ಬದಲಾಗಿ ಮೇಲಿನ ಮಿತಿ, ಕೆಳಗಿನ ಮಿತಿ ಎಂದು ಎರಡು ವರ್ಷಗಳನ್ನು ಕೊಡಬೇಕು. ಸಂವತ್ಸರ ಮಾತ್ರವಿದ್ದಲ್ಲಿ ಸಾಧ್ಯವಾದ ವರ್ಷಗಳನ್ನೆಲ್ಲ ಬರೆಯಬೇಕು. ಪ್ರಶ್ನಚಿಹ್ನೆ ಅಂಕಿಯೊಳಗೆ ಸೇರಿದರೆ ಯಂತ್ರವು ಅದನ್ನು ತಿರಸ್ಕರಿಸುತ್ತದೆ. ತನ್ನದೇ ಸ್ಥಾನದಲ್ಲಿದ್ದರೆ ಅದನ್ನೂ ಹುಡುಕಬಹುದು.

ಎರಡನೆಯದಾಗಿ, ಯಾವ ಅಂಕಣವನ್ನೂ ಕಾರಣವಿಲ್ಲದೆ ಖಾಲಿ ಬಿಡತಕ್ಕದ್ದಲ್ಲ. ಮೊದಲ ಅಂಕಣದ ಪಕ್ಕದಲ್ಲಿ ಸ್ಥಿತಿಯೆಂಬ ಅಂಕಣವೊಂದನ್ನು ಸೇರಿಸಿ 'ಇದೆ', 'ಬರೆದಿಲ್ಲ', 'ಅಳಿದಿದೆ', 'ನೋಡಿಲ್ಲ' ಎಂಬ ನಾಲ್ಕು ಪದಗಳಲ್ಲಿ ಒಂದನ್ನು ಬರೆಯುವುದು ಕಡ್ಡಾಯ. ಹೀಗೆ ಮಾಡಿದಾಗ ಅಭಾವವೂ ಒಂದು ಪದವಾಗುತ್ತದೆ; ಪದವಾದುದು ಸೂಚಿಗೆ ಸೇರುತ್ತದೆ; ಸೂಚಿಗೆ ಸೇರಿದುದು ಹುಡುಕಿದಾಗ ಸಿಗುತ್ತದೆ. ಎಲ್ಲದರಿಂದ ಕಳೆಯುವ ಕಸರತ್ತು ಆಗ ತಪ್ಪುತ್ತದೆ. ಕಾಲವನ್ನು ಬರೆಯಿಸದ ವೀರಗಲ್ಲುಗಳು ಯಾವುವೆಂದು ನೇರವಾಗಿ ಕೇಳಬಹುದು.

ಮೂರನೆಯದಾಗಿ, ಯಾವ ಎಣಿಕೆಯ ಕೊನೆಯಲ್ಲಿಯೂ ಮೊತ್ತವನ್ನು ತಾಳೆನೋಡಬೇಕು. ಶತಮಾನವಾರು ಪಟ್ಟಿಯ ಮೊತ್ತವು ಸಂಪುಟದ ಶಾಸನಗಳ ಮೊತ್ತಕ್ಕೆ ಸಮನಾಗದಿದ್ದರೆ ಉಳಿದವು ಎಲ್ಲಿ ಹೋದುವೆಂಬುದನ್ನು ಪ್ರಬಂಧದಲ್ಲಿ ಹೇಳಬೇಕು. ಅಂಗಡಿಯ ಲೆಕ್ಕಪುಸ್ತಕಕ್ಕೆ ಇರುವ ಈ ನಿಯಮವು ಚರಿತ್ರೆಯ ಪ್ರಬಂಧಕ್ಕೆ ಇಲ್ಲದಿರುವುದು ಸೋಜಿಗ.

ಈ ಕ್ರಮದಲ್ಲಿ ಶ್ರಮ ಹೆಚ್ಚೆಂಬ ಆಕ್ಷೇಪಣೆಯನ್ನು ಒಪ್ಪಬೇಕು. 'ಬರೆದಿಲ್ಲ' ಎಂದು ಬರೆಯುವುದಕ್ಕೆ ಮೊದಲು ಪಾಠವನ್ನು ಕೊನೆಯವರೆಗೆ ಓದಬೇಕಾಗುತ್ತದೆ. ಸಾಧ್ಯವಾದಲ್ಲಿ ಕಲ್ಲಿನ ಬಳಿಗೇ ಹೋಗಬೇಕಾಗುತ್ತದೆ. ರೈಸ್ ಅವರೂ, 1906ರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರೂ ಯಂತ್ರಗಳ ಸಹಾಯವಿಲ್ಲದೆ ಈ ಶ್ರಮವನ್ನು ವಹಿಸಿದರು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಈ ಸಂಪುಟಗಳನ್ನು ಪರಿಷ್ಕರಿಸಿ ಹೊರತರಲು ತೊಡಗಿದಾಗಲೂ ಹಳೆಯ ಪಾಠಗಳನ್ನು ಮತ್ತೆ ನೋಡಬೇಕಾಯಿತು. ಈಗ ಹಳೆಯ ಸಂಪುಟಗಳ ಪುಟಗಳು ಕುಳಿತಲ್ಲಿಯೇ ದೊರೆಯುತ್ತಿರುವುದರಿಂದ ಓದುವ ಕೆಲಸವನ್ನೂ ಯಂತ್ರಕ್ಕೇ ಬಿಡುವ ಮನೋಭಾವ ನಮ್ಮಲ್ಲಿ ಬೆಳೆಯುತ್ತಿದೆ. ಯಂತ್ರವು ನಾವು ತುಂಬಿದುದನ್ನು ಹುಡುಕಿಕೊಡುತ್ತದೆ; ನಾವು ತುಂಬದೆ ಬಿಟ್ಟುದನ್ನು ಕುರಿತು ಅದಕ್ಕೆ ಏನೂ ತಿಳಿಯದು.

ಸದಾಶಿವನಗರದಿಂದ ಹೊರಟು ಗುಬ್ಬಿಯ ಕಡೆಗೋ ಕುಣಿಗಲಿನ ಕಡೆಗೋ ಹೋಗುವ ವಿದ್ಯಾರ್ಥಿಗೆ ದಾರಿಯ ಊರುಗಳ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಇಂಥ ಕಲ್ಲುಗಳು ಎದುರಾಗುತ್ತವೆ. ರಸ್ತೆ ಅಗಲವಾಗುವಾಗ, ಕೆರೆಯ ಏರಿಯನ್ನು ದುರಸ್ತಿಮಾಡುವಾಗ ಮೊದಲು ಸ್ಥಳ ಕಳೆದುಕೊಳ್ಳುವುವು ಇವೇ; ಇವುಗಳಿಗೆ ಅರಸರ ಹೆಸರಿನ ರಕ್ಷಣೆಯಿಲ್ಲ, ಪಟ್ಟಿಯಲ್ಲಿ ಸ್ಥಾನವೂ ಇಲ್ಲ. ಒಮ್ಮೆ ಕಲ್ಲು ಸ್ಥಳಾಂತರಗೊಂಡರೆ ಊರೆಂಬ ಅಂಕಣವೂ ಖಾಲಿಯಾಗುತ್ತದೆ. ಆದ್ದರಿಂದ ಈ ಕಾರ್ಯವನ್ನು ಮುಂದೂಡುವಂತಿಲ್ಲ. ಜಿಲ್ಲೆಯ ಕಾಲೇಜುಗಳ ಅಧ್ಯಾಪಕರು ತಂತಮ್ಮ ಹೋಬಳಿಗಳ ಕಾಲೋಲ್ಲೇಖವಿಲ್ಲದ ಶಾಸನಗಳನ್ನು ಮೇಲೆ ಹೇಳಿದ ಕ್ರಮದಲ್ಲಿ ಪಟ್ಟಿಮಾಡಿ ಕಳುಹಿಸಿದರೆ, ಅವನ್ನು ಒಟ್ಟುಗೂಡಿಸಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವ ಉದ್ದೇಶವಿದೆ. ಆ ಪಟ್ಟಿಯಲ್ಲಿ ವರ್ಷಗಳಿರುವುದಿಲ್ಲ. ಆದರೂ ಅದು ನಮ್ಮ ಜಿಲ್ಲೆಯ ಚರಿತ್ರೆಗೆ ಅತ್ಯಾವಶ್ಯಕವಾದ ಪಟ್ಟಿಯೆಂದು ನಾನು ನಂಬಿದ್ದೇನೆ.